ತನ್ನ ಕಾಂತವನ್ನು ತಾನೇ ಪೋಷಿಸುವ ಡೈನಮೊ

ಕಾಂತಕ್ಷೇತ್ರದಲ್ಲಿ ತಂತಿಯ ಸುರುಳಿಯನ್ನು ತಿರುಗಿಸಿದರೆ ವಿದ್ಯುತ್ತು ಹುಟ್ಟುತ್ತದೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಆ ಕಾಂತವೂ ವಿದ್ಯುತ್ಕಾಂತವೇ ಆಗಿದ್ದು, ಅದಕ್ಕೆ ಬೇಕಾದ ಪ್ರವಾಹವನ್ನು ಅದೇ ಯಂತ್ರವು ಒದಗಿಸಬೇಕಾದರೆ ಮೊದಲು ಹುಟ್ಟುವುದು ಯಾವುದು? ಬೀಜವೃಕ್ಷನ್ಯಾಯದಂತೆ ತೋರುವ ಈ ತೊಡಕಿಗೆ ಕಬ್ಬಿಣದಲ್ಲಿಯೇ ಉತ್ತರವಿದೆ. ಒಮ್ಮೆ ಕಾಂತವಾದ ಕಬ್ಬಿಣವು ಪ್ರವಾಹ ನಿಂತ ಮೇಲೂ ಅಲ್ಪ ಕಾಂತತ್ವವನ್ನು ಉಳಿಸಿಕೊಂಡಿರುತ್ತದೆ. ಈ ಶೇಷಕಾಂತತ್ವದಿಂದ ಕೆಲವೇ ವೋಲ್ಟುಗಳು ಹುಟ್ಟಿ, ಕ್ಷೇತ್ರಸುರುಳಿಯಲ್ಲಿ ಕಿಂಚಿತ್ ಪ್ರವಾಹ ಹರಿದು, ಕಾಂತವು ಬಲಗೊಳ್ಳುತ್ತದೆ. ಬಲಗೊಂಡ ಕಾಂತವು ಇನ್ನಷ್ಟು ವೋಲ್ಟುಗಳನ್ನು ಹುಟ್ಟಿಸುತ್ತದೆ. 1867ರ ಜನವರಿಯಲ್ಲಿ ವರ್ನರ್ ಸೀಮೆನ್ಸನ ಈ ತತ್ತ್ವವು ಬರ್ಲಿನ್ನಿನ ವಿಜ್ಞಾನ ಅಕಾಡೆಮಿಯ ಮುಂದೆ ಬಂದಿತು. ಮರುತಿಂಗಳೇ ಲಂಡನ್ನಿನಲ್ಲಿ ವೀಟ್‌ಸ್ಟನ್ನನೂ ಇದನ್ನೇ ನಿರೂಪಿಸಿದನು.

ಹಾಗಾದರೆ ವೋಲ್ಟೇಜು ಏರುತ್ತಲೇ ಹೋಗಬೇಡವೆ? ಇಲ್ಲ. ಪ್ರವಾಹ ಹೆಚ್ಚಿದಂತೆ ಕಬ್ಬಿಣವು ಸಂತೃಪ್ತಸ್ಥಿತಿಯನ್ನು ಮುಟ್ಟುತ್ತದೆ. ಆಮೇಲೆ ಎಷ್ಟು ಪ್ರವಾಹ ಹರಿಸಿದರೂ ಕಾಂತತ್ವವು ಹೆಚ್ಚಾಗುವುದು ಅತ್ಯಲ್ಪ. ಮೇಲುನೋಟಕ್ಕೆ ಕಬ್ಬಿಣದ ದೋಷವೆನಿಸುವ ಈ ಗುಣವೇ ಯಂತ್ರಕ್ಕೆ ಸ್ಥಿರತೆಯನ್ನು ಕೊಡುತ್ತದೆ. ಹೊರೆಯನ್ನು ಹೇರಿದಾಗ ಇದು ಚೆನ್ನಾಗಿ ಮನದಟ್ಟಾಗುತ್ತದೆ.

ಕ್ಷೇತ್ರಸುರುಳಿಯನ್ನು ಹೊರೆಗೆ ಸಮಾಂತರವಾಗಿ ಜೋಡಿಸಿರುವ ಷಂಟ್ ಡೈನಮೊ ಒಂದನ್ನು ತೆಗೆದುಕೊಳ್ಳೋಣ. ಎಂಜಿನ್ನಿನ ವೇಗ ಬದಲಾಗುವುದಿಲ್ಲವೆಂದಿರಲಿ. ಹೊರೆಯಿಲ್ಲದಾಗ 230 ವೋಲ್ಟು. ಆರ್ಮೇಚರಿನ ರೋಧ 0.2 ಓಮ್. ದೀಪಗಳು 50 ಆಂಪಿಯರನ್ನು ಸೆಳೆದರೆ ಆರ್ಮೇಚರಿನ ಒಳಗೇ 10 ವೋಲ್ಟು ಕಳೆದುಹೋಗುತ್ತದೆ. ಉಳಿದುದು 220 ಎಂದು ಲೆಕ್ಕ ಮುಗಿಸುವಂತಿಲ್ಲ. ಕ್ಷೇತ್ರಸುರುಳಿಗೂ ಈಗ ದೊರೆಯುವುದು ಆ ಇಳಿದ ವೋಲ್ಟೇಜೇ ಆದುದರಿಂದ ಕಾಂತವು ಸೊರಗಿ, ವೋಲ್ಟೇಜು ಇನ್ನಷ್ಟು ಇಳಿಯುತ್ತದೆ. ಸಾಲದುದಕ್ಕೆ ಆರ್ಮೇಚರಿನ ಪ್ರವಾಹವೂ ತಾನೊಂದು ಕಾಂತವಾಗಿ ಮುಖ್ಯ ಕಾಂತವನ್ನು ಕುಂದಿಸುತ್ತದೆ. ಆದರೂ ದೀಪಗಳು ಆರಿಹೋಗುವುದಿಲ್ಲ. ಕಬ್ಬಿಣವು ಸಂತೃಪ್ತವಾಗಿರುವವರೆಗೆ ಕ್ಷೇತ್ರಪ್ರವಾಹ ಸ್ವಲ್ಪ ತಗ್ಗಿದರೂ ಕಾಂತತ್ವವು ಹೆಚ್ಚು ತಗ್ಗುವುದಿಲ್ಲ.

ಹೊರೆಯನ್ನು ಮಿತಿಮೀರಿ ಹೆಚ್ಚಿಸಿದರೆ ಕಬ್ಬಿಣವು ಆ ಆಶ್ರಯದಿಂದ ಜಾರುತ್ತದೆ. ಅಲ್ಲಿಂದಾಚೆಗೆ ಇನ್ನಷ್ಟು ದೀಪಗಳನ್ನು ಜೋಡಿಸಿದರೆ ಒಟ್ಟು ಪ್ರವಾಹವು ಹೆಚ್ಚುವ ಬದಲು ಕಡಿಮೆಯಾಗುತ್ತದೆ! ಹೊರತಂತಿಗಳೆರಡೂ ಒಂದನ್ನೊಂದು ಮುಟ್ಟಿದರೆ ಕ್ಷಣಕಾಲ ಭಾರಿ ಪ್ರವಾಹ ನುಗ್ಗುವುದೇನೋ ನಿಜ; ಬಳಿಕ ಕಾಂತಕ್ಕೆ ಆಹಾರವೇ ಇಲ್ಲದೆ ಯಂತ್ರವು ಶೇಷಕಾಂತತ್ವದ ಅಲ್ಪ ವೋಲ್ಟೇಜಿಗೆ ಇಳಿಯುತ್ತದೆ. ಆ ಮೊದಲ ಕ್ಷಣದ ಭಯಕ್ಕಾಗಿಯೇ ಫ್ಯೂಸು ಬೇಕೇ ಬೇಕು.

ಹೊರೆಯ ಪ್ರವಾಹವೇ ಕ್ಷೇತ್ರಸುರುಳಿಯಲ್ಲಿಯೂ ಹರಿಯುವ ಸೀರೀಸ್ ಡೈನಮೊವಿನ ರೀತಿ ಬೇರೆ. ಹೊರೆ ಏರಿದಂತೆ ಒಂದು ಮಿತಿಯವರೆಗೆ ಅದರ ವೋಲ್ಟೇಜೂ ಏರುತ್ತದೆ. ಮನೆಯ ದೀಪಗಳಿಗೆ ಇದು ತಕ್ಕುದಲ್ಲ. ಆದರೆ ಷಂಟ್ ಯಂತ್ರದ ಮೇಲೆಯೇ ಸೀರೀಸ್ ಸುರುಳಿಯ ಕೆಲವು ಸುತ್ತುಗಳನ್ನು ಸುತ್ತಿದರೆ ಒಂದರ ಇಳಿತವನ್ನು ಇನ್ನೊಂದರ ಏರಿಕೆ ತುಂಬಿಕೊಡುತ್ತದೆ. ಇದೇ ಕಾಂಪೌಂಡ್ ಡೈನಮೊ. ಸುತ್ತುಗಳ ಸಂಖ್ಯೆಯನ್ನು ಸರಿಯಾಗಿ ಆರಿಸಿದರೆ ಹೊರೆಯಿಲ್ಲದಾಗಲೂ ಪೂರ್ಣ ಹೊರೆಯಲ್ಲಿಯೂ ವೋಲ್ಟೇಜು ಒಂದೇ ಆಗಿರುತ್ತದೆ. ನಡುವೆ ಮಾತ್ರ ಕೊಂಚ ಉಬ್ಬುತ್ತದೆ.

ಇಂತಹ ಡೈನಮೊಗಳು ಇಂದು ವಿರಳ. ಆದರೆ ಕೆಲವು ಸಣ್ಣ ಜಲವಿದ್ಯುತ್ ಘಟಕಗಳಲ್ಲಿ ಕೆಪಾಸಿಟರುಗಳ ನೆರವಿನಿಂದ ತಾವೇ ಕಾಂತವನ್ನು ಬೆಳೆಸಿಕೊಳ್ಳುವ ಇಂಡಕ್ಷನ್ ಜನರೇಟರುಗಳಿವೆ. ಹೊರೆ ಮಿತಿಮೀರಿದರೆ ಅವುಗಳ ವೋಲ್ಟೇಜೂ ಹೀಗೆಯೇ ಕುಸಿಯುತ್ತದೆ. ಕೆಲವೊಮ್ಮೆ ಶೇಷಕಾಂತತ್ವವೇ ಅಳಿಸಿಹೋಗುತ್ತದೆ. ಆಗ ಯಂತ್ರವನ್ನು ಎಷ್ಟು ತಿರುಗಿಸಿದರೂ ದೀಪ ಹೊತ್ತುವುದಿಲ್ಲ. ನಿಂತಿರುವ ಯಂತ್ರದ ಸುರುಳಿಗೆ ಬ್ಯಾಟರಿಯನ್ನು ಕೆಲವು ಕ್ಷಣ ಜೋಡಿಸಿ ತೆಗೆದರೆ, ಕಬ್ಬಿಣಕ್ಕೆ ಕಳೆದುಹೋದ ಕಾಂತತ್ವವು ಮರಳಿ ಬರುತ್ತದೆ.