ತಳ್ಳಾಡಿ ಜಾಗ ಹಿಡಿಯುವ ಚುಕ್ಕೆಗಳು

ಪ್ರಶ್ನೆ: ಪತ್ರಿಕೆಯ ಫೋಟೊವನ್ನು ಭೂತಗನ್ನಡಿಯಲ್ಲಿ ನೋಡಿದರೆ ಚುಕ್ಕೆಗಳು ಸಾಲಾಗಿ ನಿಂತಿರುತ್ತವೆ. ಕಂಪ್ಯೂಟರ್ ಬಿಡಿಸಿದ ಕೆಲವು ಚುಕ್ಕೆಚಿತ್ರಗಳಲ್ಲಿ ಸಾಲೂ ಇಲ್ಲ, ಗೊಂದಲವೂ ಇಲ್ಲ. ಎಲ್ಲಿ ಕೂರಬೇಕೆಂದು ಅವಕ್ಕೆ ಹೇಳುವವರು ಯಾರು?

ಉತ್ತರ: ಯಾರೂ ಹೇಳಬೇಕಿಲ್ಲ. ಚುಕ್ಕೆಗಳೇ ತಳ್ಳಾಡಿಕೊಂಡು ಜಾಗ ಹಿಡಿಯುವಂಥ ಒಂದು ವಿಧಾನವನ್ನು ಜರ್ಮನಿಯ ಸಾರ್‌ಲ್ಯಾಂಡ್ ವಿಶ್ವವಿದ್ಯಾಲಯದ ಶ್ಮಾಲ್ಟ್ಸ್, ವೈಕರ್ಟ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದರು. ಇದರಲ್ಲಿ ಎಲ್ಲ ಚುಕ್ಕೆಗೂ ಒಂದೇ ಬಗೆಯ ವಿದ್ಯುದಾವೇಶ. ಹಾಗಾಗಿ ಒಂದನ್ನು ಕಂಡರೆ ಇನ್ನೊಂದಕ್ಕೆ ಆಗದು. ಮೂಲಚಿತ್ರಕ್ಕೆ ವಿರುದ್ಧ ಆವೇಶ: ಕಪ್ಪಾದಷ್ಟೂ ಸೆಳೆತ ಜಾಸ್ತಿ, ಅಚ್ಚ ಬಿಳಿಗೆ ಸೆಳೆತವೇ ಇಲ್ಲ.

ಮುಖದ ಚಿತ್ರವೊಂದರಲ್ಲಿ ಕೆನ್ನೆಯ ಮೇಲೆ ಬಿದ್ದ ಚುಕ್ಕೆಯೊಂದನ್ನು ಹಿಂಬಾಲಿಸೋಣ. ಪಕ್ಕದ ಕಪ್ಪು ಕೂದಲು ಅದನ್ನು ಎಳೆಯುತ್ತದೆ. ಅಲ್ಲಿ ಆಗಲೇ ಸೇರಿಕೊಂಡ ಚುಕ್ಕೆಗಳು ಹಿಂದಕ್ಕೆ ನೂಕುತ್ತವೆ. ಕೂದಲಿನ ಕಪ್ಪಿಗೆ ತಕ್ಕಷ್ಟು ಚುಕ್ಕೆಗಳು ಭರ್ತಿಯಾದವೋ, ಆ ಭಾಗದ ಒಟ್ಟು ಆವೇಶ ಹೆಚ್ಚುಕಡಿಮೆ ಸೊನ್ನೆ. ನಮ್ಮ ಚುಕ್ಕೆ ಕೆನ್ನೆಯ ತಿಳಿ ನೆರಳಿನಲ್ಲೇ, ನೆರೆಯವರಿಂದ ಸಮದೂರ ನೋಡಿಕೊಂಡು, ನಿಲ್ಲುತ್ತದೆ. ಶಾಲೆಯಲ್ಲಿ ಕಲಿತ ಕೂಲಂಬ್ ನಿಯಮದಂತೆ ಬಲ ದೂರದ ವರ್ಗಕ್ಕೆ ವಿಲೋಮವಾಗಿರಬೇಕಲ್ಲವೇ? ಇಲ್ಲಿ ಬರೀ ದೂರಕ್ಕೆ ವಿಲೋಮ. ಎರಡೇ ಆಯಾಮದ ಚಪ್ಪಟೆ ಲೋಕದಲ್ಲಿ ಲೆಕ್ಕ ಹಾಗೆಯೇ ಬರುತ್ತದೆ. ಕೆಲವು ಚುಕ್ಕೆಗಳು ಅರೆಬರೆ ಜಾಗದಲ್ಲಿ ಸಿಕ್ಕಿಬೀಳುವುದೂ ಉಂಟು. ಅದಕ್ಕೇ ನಡುನಡುವೆ ಎಲ್ಲವನ್ನೂ ಕೊಂಚ ಅಲುಗಿಸುತ್ತಾರೆ.

ಇದಕ್ಕಿಂತ ಬಲು ಹಳೆಯದು 1976ರ ಫ್ಲಾಯ್ಡ್–ಸ್ಟೈನ್‌ಬರ್ಗ್ ವಿಧಾನ. ಅದು ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಸಾಗುತ್ತಾ, ಪ್ರತಿಯೊಂದನ್ನೂ ಕಪ್ಪು ಇಲ್ಲವೇ ಬಿಳಿ ಮಾಡಿದಾಗ ಉಳಿದ ತಪ್ಪಿನ 7/16 ಪಾಲನ್ನು ಬಲಗಡೆಯ ಪಿಕ್ಸೆಲ್‌ಗೂ ಮಿಕ್ಕದ್ದನ್ನು ಕೆಳಸಾಲಿನ ಮೂರಕ್ಕೂ ಹಂಚುತ್ತದೆ. ವೇಗವೇನೋ ಚೆನ್ನಾಗಿದೆ, ಆದರೆ ಇಟ್ಟ ಚುಕ್ಕೆಯನ್ನು ಮತ್ತೆ ಸರಿಸುವಂತಿಲ್ಲ. ತಿಳಿ ಬಣ್ಣದ ಕಡೆ ಹುಳು ಹರಿದಂಥ ಗೆರೆಗಳೂ ಮೂಡುತ್ತವೆ. ಆವೇಶದ ವಿಧಾನದಲ್ಲಿ ಕೊನೆಯವರೆಗೂ ಪ್ರತಿ ಚುಕ್ಕೆಯೂ ಉಳಿದೆಲ್ಲ ಚುಕ್ಕೆಗಳ ಮಾತು ಕೇಳುತ್ತದೆ. ಅಂದಕ್ಕೆ ನನ್ನ ಓಟು ಇದಕ್ಕೇ.

ಬೆಲೆ ಮಾತ್ರ ದುಬಾರಿ. 10,000 ಚುಕ್ಕೆಗಳೆಂದರೆ ಸುಮಾರು 5 ಕೋಟಿ ಜೋಡಿ. ಪ್ರತಿ ಸುತ್ತಿಗೂ ಅಷ್ಟರ ಬಲ ಎಣಿಸಬೇಕು, ಸುತ್ತುಗಳೋ ಹಲವಾರು. ಚಿತ್ರದ ಸೆಳೆತ ಬದಲಾಗುವುದಿಲ್ಲವಾದ್ದರಿಂದ ಅದನ್ನು ಒಮ್ಮೆ ಲೆಕ್ಕಹಾಕಿಟ್ಟರೆ ಸಾಕು. ತಳ್ಳಾಟದ ಲೆಕ್ಕವನ್ನು ಅದೇ ಗುಂಪಿನವರು ಮುಂದೆ ಫೂರಿಯೆ ಗಣಿತ ಮತ್ತು ಗ್ರಾಫಿಕ್ಸ್ ಕಾರ್ಡ್‌ಗಳಿಂದ ಹಗುರ ಮಾಡಿದರು. ನೀವೇ ಪ್ರೋಗ್ರಾಂ ಬರೆದು ನೋಡುವುದಾದರೆ 2,000 ಚುಕ್ಕೆಗಳಿಂದ ಶುರುಮಾಡಿ. ಜೋಡಿಗಳು 20 ಲಕ್ಷದೊಳಗೇ ಮುಗಿಯುತ್ತವೆ, ಮಾಮೂಲಿ ಲ್ಯಾಪ್‌ಟಾಪ್ ಸಾಕು.