ಕಾಫಿ ಕಣದ ಉದ್ದಗಲ ಎಷ್ಟಿರಬೇಕು?



ಮೂಡಿಗೆರೆ, ಕಳಸದ ಕಡೆ ಸಮತಟ್ಟಾದ ನೆಲ ಸಿಗುವುದು ಕಷ್ಟ. ಕಣಕ್ಕಾಗಿ ಗುಡ್ಡ ಕಡಿದಷ್ಟೂ ಕೂಲಿ ಹೆಚ್ಚು. ಮಳೆಗಾಲದಲ್ಲಿ ಧರೆ ಕುಸಿಯುವ ಭಯವೂ ಉಂಟು. ಆದ್ದರಿಂದ ಮೊದಲು ಲೆಕ್ಕ ಹಾಕಿರಿ.

ಹಣ್ಣು ಹರಡಲು 2,400 ಚದರಡಿ ಬೇಕೆನ್ನೋಣ. ಮೇಲೆ, ಕೆಳಗೆ ಚರಂಡಿಗೆ ತಲಾ 2 ಅಡಿ. ಎಡಬಲಗಳಲ್ಲಿ ಓಡಾಡಲು ತಲಾ 3 ಅಡಿ ಬಿಡಬೇಕು. ಆಗ ಬೇಕಾಗುವ ಒಟ್ಟು ನೆಲ:

120 × 20 ಅಡಿ ಕಣಕ್ಕೆ 126 × 24 = 3,024 ಚದರಡಿ
80 × 30 ಅಡಿ ಕಣಕ್ಕೆ 86 × 34 = 2,924 ಚದರಡಿ
60 × 40 ಅಡಿ ಕಣಕ್ಕೆ 66 × 44 = 2,904 ಚದರಡಿ
48 × 50 ಅಡಿ ಕಣಕ್ಕೆ 54 × 54 = 2,916 ಚದರಡಿ

60 × 40 ಎಲ್ಲಕ್ಕಿಂತ ಕಡಿಮೆ. ಕಾರಣವೇನು? ನಾಲ್ಕು ಮೂಲೆಗಳ 24 ಚದರಡಿ ಬದಲಾಗುವುದಿಲ್ಲ. ಚರಂಡಿಗೆ 4 × 60 = 240, ದಾರಿಗೆ 6 × 40 = 240; ಎರಡೂ ಸಮ. ಇವೆರಡರ ಗುಣಲಬ್ಧ ಯಾವ ಅಳತೆಯಲ್ಲೂ ಒಂದೇ. ಅಂಥ ಎರಡು ಸಂಖ್ಯೆಗಳ ಮೊತ್ತ, ಅವು ಸಮವಾದಾಗಲೇ ಅತಿ ಕಡಿಮೆ.

ಆದರೆ ಇಳಿಜಾರನ್ನೂ ನೋಡಿರಿ. ಐದಡಿಗೆ ಒಂದಡಿ ಇಳಿಯುವ ಕಡೆ 44 ಅಡಿ ಅಗಲಕ್ಕೆ ಸುಮಾರು 9 ಅಡಿ ಏರುತಗ್ಗು. 34 ಅಡಿಗೆ 7 ಅಡಿ ಮಾತ್ರ. ಅಲ್ಲಿ 20 ಚದರಡಿ ಹೆಚ್ಚಾದರೂ 80 × 30 ಕಣವೇ ಲೇಸು.

ಗುದ್ದಲಿ ಹಾಕುವ ಮೊದಲು ಗೂಟ ನೆಟ್ಟು, ಹಗ್ಗ ಹಿಡಿದು ಅಳೆಯಿರಿ.