ಬೆಳಕು ಬರೆದ ಚಿತ್ರ

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದುದು 1970ರ ದಶಕದಲ್ಲಿ. ನಮ್ಮ ತಾಲ್ಲೂಕು ಕೇಂದ್ರಕ್ಕೆಲ್ಲ ಆಗ ಇದ್ದುದು ಒಂದೇ ಫೋಟೋ ಸ್ಟುಡಿಯೋ. ಬಸ್ ನಿಲ್ದಾಣದ ಎದುರಿಗೆ ಹೆಂಚಿನ ಮನೆಯ ಮುಂಭಾಗದಲ್ಲಿ ಒಂದು ಕೋಣೆ. ಅದರೊಳಗೆ ಬೆಟ್ಟ, ಸರೋವರ, ಎರಡು ಹಂಸಗಳನ್ನು ಬರೆದ ಒಂದು ಪರದೆ. ಪರದೆಯ ಮುಂದೆ ಒಂದು ಮರದ ಕುರ್ಚಿ. ಹೊಸದಾಗಿ ಮದುವೆಯಾದವರಾಗಲಿ, ಮಗುವಿಗೆ ಮೊದಲ ಸಲ ಅಂಗಿ ತೊಡಿಸಿದವರಾಗಲಿ ಆ ಹಂಸಗಳ ಮುಂದೆಯೇ ನಿಲ್ಲಬೇಕಾಗಿತ್ತು. ಹೀಗಾಗಿ ಊರಿನ ಅರ್ಧ ಮನೆಗಳ ಗೋಡೆಯ ಮೇಲೆ ಅವೇ ಹಂಸಗಳು ಈಜುತ್ತಿದ್ದವು.

ಸ್ಟುಡಿಯೋದ ಯಜಮಾನರನ್ನು ಹುಡುಗರಾದ ನಾವೆಲ್ಲ ಮಾಮ ಎಂದು ಕರೆಯುತ್ತಿದ್ದೆವು. ಒಂಬತ್ತನೆಯ ತರಗತಿಯ ಪರೀಕ್ಷೆ ಮುಗಿದ ಬೇಸಗೆಯಲ್ಲಿ ನಮ್ಮ ತಂದೆಯವರು ನನ್ನನ್ನು ಅವರ ಬಳಿ ಬಿಟ್ಟರು. ಹುಡುಗ ಬಿಸಿಲಿನಲ್ಲಿ ಅಲೆಯುವುದು ತಪ್ಪಲಿ ಎಂಬುದಷ್ಟೇ ತಂದೆಯವರ ಉದ್ದೇಶವಾಗಿತ್ತೇ ಹೊರತು ಕಲೆಯೊಂದನ್ನು ಕಲಿಯಲಿ ಎಂಬುದಾಗಿರಲಿಲ್ಲ.

ಮೊದಲ ವಾರ ಮಾಮ ನನಗೆ ಕ್ಯಾಮರಾ ಮುಟ್ಟಗೊಡಲಿಲ್ಲ. ಅದರ ಬದಲು ಚಪ್ಪಲಿಯ ರಟ್ಟಿನ ಪೆಟ್ಟಿಗೆಯೊಂದನ್ನು ಕೊಟ್ಟು, ಅದರ ಒಂದು ಬದಿಗೆ ಗುಂಡುಸೂಜಿಯಿಂದ ತೂತು ಮಾಡಿಸಿದರು. ಎದುರು ಬದಿಯ ರಟ್ಟನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ಎಣ್ಣೆ ಸವರಿದ ತೆಳುಕಾಗದವನ್ನು ಅಂಟಿಸಿದೆವು. ತಲೆಯ ಮೇಲೆ ಕಂಬಳಿ ಹೊದ್ದು ತೂತನ್ನು ಬೀದಿಯ ಕಡೆಗೆ ತಿರುಗಿಸಿದಾಗ ಕಾಗದದ ಮೇಲೆ ಬಸ್ ನಿಲ್ದಾಣ ಮೂಡಿತು, ಅದೂ ತಲೆಕೆಳಗಾಗಿ! ಬಸ್ಸುಗಳು ಆಕಾಶಕ್ಕೆ ಅಂಟಿಕೊಂಡು ಚಲಿಸುತ್ತಿದ್ದವು. ಕಡಲೆಕಾಯಿ ಮಾರುವವಳು ಬುಟ್ಟಿಯೊಡನೆ ತೂಗಾಡುತ್ತಿದ್ದಳು. ಬೆಳಕು ನೇರವಾಗಿ ಚಲಿಸುತ್ತದೆ; ಮೇಲಿನಿಂದ ಬಂದ ಕಿರಣ ತೂತಿನ ಮೂಲಕ ಕೆಳಕ್ಕೂ, ಕೆಳಗಿನದು ಮೇಲಕ್ಕೂ ಹೋಗಿ ಬೀಳುತ್ತದೆ ಎಂಬ ಪಾಠವನ್ನು ನಾನು ವಿಜ್ಞಾನದ ಪುಸ್ತಕದಲ್ಲಿ ಓದಿದ್ದೆ, ಅಂಕವನ್ನೂ ಪಡೆದಿದ್ದೆ. ಆದರೆ ನಂಬಿದ್ದು ಆ ದಿನವೇ. ಕ್ಯಾಮರಾ ಎಂಬ ಲ್ಯಾಟಿನ್ ಮೂಲದ ಮಾತಿಗೆ ಕೋಣೆ ಎಂದು ಅರ್ಥ. ಕತ್ತಲೆಯ ಕೋಣೆ, ಅದಕ್ಕೊಂದು ಕಿಂಡಿ: ಇಷ್ಟೇ ಅದರ ಜೀವಾಳ. ಇಂದು ನಿಮ್ಮ ಮನೆಯ ಮೊಬೈಲಿನಲ್ಲಿ ಫಿಲ್ಮಿನ ಬದಲು ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸಂವೇದಕವಿರುತ್ತದೆ. ಕೋಣೆ ಮತ್ತು ಕಿಂಡಿ ಮಾತ್ರ ಅಲ್ಲಿಯೂ ತಪ್ಪಿಲ್ಲ.

ಬೆಳಕಿನ ಅಳತೆಯನ್ನು ಮಾಮ ತಿಳಿಸಿಕೊಟ್ಟದ್ದು ಬೀದಿಯ ನಲ್ಲಿಯ ಬಳಿ. ಕೊಡ ತುಂಬಬೇಕಾದರೆ ನಲ್ಲಿಯನ್ನು ದೊಡ್ಡದಾಗಿ ತಿರುಗಿಸಿ ಸ್ವಲ್ಪ ಹೊತ್ತು ಬಿಡಬಹುದು. ಸಣ್ಣಗೆ ಬಿಟ್ಟು ಹೆಚ್ಚು ಹೊತ್ತು ಕಾಯಲೂಬಹುದು. ಎರಡರಲ್ಲಿಯೂ ತುಂಬುವ ನೀರು ಅಷ್ಟೇ. ಮಸೂರದ ಹಿಂದಿನ ರಂಧ್ರ ನಲ್ಲಿಯ ಬಾಯಿ ಇದ್ದಂತೆ. ಷಟರ್ ತೆರೆದಿರುವ ಕಾಲ ನಾವು ಕಾಯುವ ಹೊತ್ತಿದ್ದಂತೆ. ರಂಧ್ರದ ಗಾತ್ರವನ್ನು ಎಫ್ 8, ಎಫ್ 11, ಎಫ್ 16 ಎಂಬ ಅಂಕಗಳಿಂದ ಸೂಚಿಸುತ್ತಾರೆ. ಅಂಕ ದೊಡ್ಡದಾದಂತೆ ರಂಧ್ರ ಚಿಕ್ಕದು! ಈ ತಿರುಗುಮುರುಗು ಲೆಕ್ಕ ನನ್ನನ್ನು ಬಹಳ ದಿನ ಕಾಡಿತು. ಎಫ್ 8ರಿಂದ ಎಫ್ 11ಕ್ಕೆ ಹೋದರೆ ಒಳಗೆ ಬರುವ ಬೆಳಕು ಅರ್ಧಕ್ಕಿಳಿಯುತ್ತದೆ. ಆಗ ಷಟರನ್ನು ಸೆಕೆಂಡಿನ 1/125 ಭಾಗಕ್ಕೆ ಬದಲಾಗಿ 1/60 ಭಾಗದಷ್ಟು ತೆರೆದರೆ ಕೊಡ ಮತ್ತೆ ತುಂಬುತ್ತದೆ.

ಹಾಗಾದರೆ ಯಾವುದನ್ನು ಆರಿಸಿದರೂ ಒಂದೇ ಅಲ್ಲವೇ ಎಂದು ನಾನು ಕೇಳಿದೆ. ಮಾಮ ನಕ್ಕು, "ನಿಮ್ಮ ಅಜ್ಜಿ ಸೂಜಿಗೆ ದಾರ ಪೋಣಿಸುವಾಗ ಕಣ್ಣನ್ನು ಏಕೆ ಕಿರಿದು ಮಾಡುತ್ತಾರೆ, ನೋಡಿದ್ದೀಯಾ?" ಎಂದರು. ಕಿಂಡಿ ಕಿರಿದಾದಷ್ಟೂ ಹತ್ತಿರದ್ದು, ದೂರದ್ದು ಎರಡೂ ಸ್ಪಷ್ಟವಾಗುತ್ತವೆ. ಹಿರಿದಾದರೆ ಒಂದು ಮುಖ ಮಾತ್ರ ಸ್ಪಷ್ಟವಾಗಿ ಉಳಿದು ಹಿನ್ನೆಲೆ ಮಸುಕಾಗುತ್ತದೆ. ಕಾಲದ ವಿಷಯವೂ ಹೀಗೆಯೇ. ಕ್ಷಣಾರ್ಧದಲ್ಲಿ ಷಟರ್ ಮುಚ್ಚಿದರೆ ಹಾರುವ ಹಕ್ಕಿಯೂ ನಿಂತುಬಿಡುತ್ತದೆ. ತೆರೆದಿಟ್ಟರೆ ನಡೆಯುವ ಮನುಷ್ಯನೂ ಹೊಗೆಯಾಗುತ್ತಾನೆ.

ಇದಕ್ಕೆ ನಿದರ್ಶನವಾಗಿ ಒಂದು ಹಳೆಯ ಚಿತ್ರವನ್ನು ಹೇಳಬೇಕು. ಇಂದು ಉಳಿದಿರುವ ಅತ್ಯಂತ ಹಳೆಯ ಕ್ಯಾಮರಾ ಚಿತ್ರವನ್ನು ಫ್ರಾನ್ಸಿನ ನಿಯೆಪ್ಸ್ ಎಂಬಾತ 1826 ಅಥವಾ 1827ರಲ್ಲಿ ತನ್ನ ಮನೆಯ ಕಿಟಕಿಯಿಂದ ತೆಗೆದ. ಅದಕ್ಕೆ ಗಂಟೆಗಟ್ಟಲೆ ಬೆಳಕು ಬೇಕಾಯಿತು. ಅಷ್ಟರಲ್ಲಿ ಸೂರ್ಯ ಆಕಾಶವನ್ನು ದಾಟಿದ್ದರಿಂದ ಕಟ್ಟಡಗಳ ಎರಡು ಪಕ್ಕಗಳ ಮೇಲೂ ಬಿಸಿಲು ಬಿದ್ದಂತೆ ಕಾಣುತ್ತದೆ. ಆತನ ಜೊತೆಗಾರನಾಗಿದ್ದ ದಾಗೆರ್ 1838ರಲ್ಲಿ ಪ್ಯಾರಿಸ್ಸಿನ ಒಂದು ಬೀದಿಯನ್ನು ಎತ್ತರದ ಕಿಟಕಿಯಿಂದ ಚಿತ್ರಿಸಿದ. ಅದು ಗಾಡಿ ಕುದುರೆಗಳಿಂದ ಗಿಜಿಗುಟ್ಟುವ ಬೀದಿ. ಚಿತ್ರದಲ್ಲಿ ಮಾತ್ರ ಬೀದಿ ಬರಿದೋ ಬರಿದು. ಹಲವು ನಿಮಿಷಗಳ ಕಾಲ ಮಸೂರ ತೆರೆದಿದ್ದುದರಿಂದ ಓಡಾಡಿದವರಾರೂ ಅಚ್ಚಾಗಲಿಲ್ಲ. ಒಂದು ಮೂಲೆಯಲ್ಲಿ ಒಬ್ಬಾತ ಕಾಲನ್ನು ಮುಂದಿಟ್ಟು ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳುತ್ತ ನಿಂತಿದ್ದ. ನಿಂತದ್ದರಿಂದ ಉಳಿದ. ಛಾಯಾಚಿತ್ರದಲ್ಲಿ ಮೂಡಿದ ಮೊದಲ ಮನುಷ್ಯರಲ್ಲಿ ಒಬ್ಬನೆಂದು ಅವನನ್ನು ಎಣಿಸುತ್ತಾರೆ. ಪಾಲಿಷ್ ಹಾಕುತ್ತಿದ್ದವನೂ ಅಲ್ಲಿದ್ದಾನೆ. ಆದರೆ ಅವನ ಕೈ ಕೆಲಸ ಮಾಡುತ್ತಿತ್ತು. ಆದ್ದರಿಂದ ಅವನು ಮಸುಕು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕತ್ತಲೆ ಕೋಣೆಯ ಕೆಲಸವನ್ನು ನಿಮ್ಮಲ್ಲಿ ಹೆಚ್ಚಿನವರು ಕಂಡಿರಲಾರಿರಿ. ಕೆಂಪು ದೀಪದ ಮಂದ ಬೆಳಕಿನಲ್ಲಿ ಬ್ರೋಮೈಡ್ ಕಾಗದವನ್ನು ಡೆವಲಪರ್ ದ್ರಾವಣದಲ್ಲಿ ಮುಳುಗಿಸಿ ತಟ್ಟೆಯನ್ನು ಮೆಲ್ಲನೆ ಅಲುಗಿಸಬೇಕು. ಬಿಳಿಯ ಹಾಳೆಯಲ್ಲಿ ಮೊದಲು ಕೂದಲು, ಆಮೇಲೆ ಹುಬ್ಬು, ಕಣ್ಣು, ಕೊನೆಗೆ ಮುಖ ತೇಲಿ ಬರುತ್ತದೆ. ಬೆಳಕು ತಾಗಿದ ಬೆಳ್ಳಿಯ ಲವಣ ಕಪ್ಪಾಗುವುದೇ ಇದರ ಗುಟ್ಟು. ತಾಗದೆ ಉಳಿದ ಲವಣವನ್ನು ಹೈಪೋ ದ್ರಾವಣ ಕರಗಿಸಿಬಿಡುತ್ತದೆ. ಆ ಗುಣವನ್ನು ಜಾನ್ ಹರ್ಷೆಲ್ 1819ರಲ್ಲಿಯೇ ಕಂಡುಹಿಡಿದಿದ್ದ. ಅನಂತರ ಹಾಳೆಯನ್ನು ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು; ತೊಳೆಯಲು ಸೋಮಾರಿತನ ಮಾಡಿದರೆ ಕೆಲವು ವರ್ಷಗಳಲ್ಲಿ ಚಿತ್ರ ಹಳದಿಯಾಗುತ್ತದೆ. ನಾನು ತೊಳೆದ ಕೆಲವು ಚಿತ್ರಗಳು ಈಗ ಹಳದಿಯಾಗಿವೆ.

ಒಳ್ಳೆಯ ಚಿತ್ರವನ್ನು ನೋಡುವುದೂ ಒಂದು ಕಲಿಕೆ. ತೆಗೆದವನು ಎಲ್ಲಿ ನಿಂತಿದ್ದ, ಬೆಳಕು ಎತ್ತಲಿಂದ ಬಂದಿದೆ, ಚೌಕಟ್ಟಿನಿಂದ ಹೊರಗೆ ಏನನ್ನು ಬಿಟ್ಟಿದ್ದಾನೆ ಎಂದು ಮಾಮ ಪ್ರತಿ ಚಿತ್ರಕ್ಕೂ ಕೇಳುತ್ತಿದ್ದರು. ಹಳೇಬೀಡಿನ ಶಿಲ್ಪಗಳನ್ನು ನಡುಹಗಲಿನಲ್ಲಿ ನೋಡಿದವರಿಗೂ ಇಳಿಹೊತ್ತಿನಲ್ಲಿ ನೋಡಿದವರಿಗೂ ಕಾಣುವುದು ಒಂದೇ ಅಲ್ಲ. ಓರೆಬಿಸಿಲು ಗೋಡೆಯನ್ನು ಸವರಿಕೊಂಡು ಹೋದಾಗ ಪ್ರತಿಯೊಂದು ಆಭರಣಕ್ಕೂ ನೆರಳು ಹುಟ್ಟಿ ಕಲ್ಲು ಉಬ್ಬಿ ನಿಲ್ಲುತ್ತದೆ. ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರಲ್ಲಿಯೇ ಭಾರವಾದ ಕ್ಯಾಮರಾವನ್ನು ಹೊತ್ತು ಬೇಲೂರು ಹಳೇಬೀಡುಗಳಿಗೆ ಬಂದು ಆ ದೇವಾಲಯಗಳ ಚಿತ್ರ ತೆಗೆದ.

ಅದಕ್ಕೆ ಎರಡು ವರ್ಷಗಳ ಮೇಲೆ, 1856ರಲ್ಲಿ, ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಅಧಿಕಾರಿ ಹಂಪಿಯ ಅವಶೇಷಗಳನ್ನು ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಸೆರೆಹಿಡಿದ. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನೀವೆಲ್ಲ ಬಲ್ಲಿರಿ. 50 ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಅದು ಇದೆ. ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಆ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವೊಂದು ಕಾಣುತ್ತದೆ. ಇಂದು ಆ ಗೋಪುರವಿಲ್ಲ. ಇಂದು ಹಂಪಿಗೆ ಹೋದವರು ಈಗಿರುವುದನ್ನೇ ರಥದ ಪೂರ್ಣ ರೂಪವೆಂದು ತಿಳಿದು ಮರಳುತ್ತಾರೆ. ಬಹುಕಾಲ ಮರೆಯಾಗಿದ್ದ ಆ ನೆಗೆಟಿವ್‌ಗಳು 1980ರ ಸುಮಾರಿಗೆ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವಾಗ, ನಡುವಿನ 127 ವರ್ಷಗಳಲ್ಲಿ ಬಿದ್ದ ಕಲ್ಲುಗಳನ್ನು ಎಣಿಸಬಹುದು.

1946ರಲ್ಲಿ ಮಾರ್ಗರೆಟ್ ಬರ್ಕ್‌ವೈಟ್ ಎಂಬ ಅಮೆರಿಕದ ಛಾಯಾಗ್ರಾಹಕಿ ಗಾಂಧೀಜಿಯವರ ಚಿತ್ರ ತೆಗೆಯಲು ಬಂದಾಗ, ಮೊದಲು ನೂಲುವುದನ್ನು ಕಲಿತು ಬನ್ನಿ ಎಂದು ಅಲ್ಲಿದ್ದವರು ಹೇಳಿದರಂತೆ. ಆಕೆ ಕಲಿತರು. ಮಿಂಚುದೀಪಕ್ಕೆ ಮೂರೇ ಬಲ್ಬುಗಳ ಅಪ್ಪಣೆ ಸಿಕ್ಕಿತು. ಮೊದಲ ಎರಡು ವ್ಯರ್ಥವಾದವು. ಚರಕದ ಹಿಂದೆ ಕುಳಿತು ಓದುತ್ತಿರುವ ಗಾಂಧೀಜಿಯವರ ಲೋಕಪ್ರಸಿದ್ಧ ಚಿತ್ರ ಆಕೆಯದು. ಅದರಲ್ಲಿ ಚರಕವೇ ಮುಂದಿದೆ, ಗಾಂಧೀಜಿ ಹಿಂದಿದ್ದಾರೆ. ನೂಲುವುದನ್ನು ಕಲಿಯದೆ ಹೋಗಿದ್ದರೆ ಆಕೆ ಚರಕಕ್ಕೆ ಆ ಸ್ಥಾನವನ್ನು ಕೊಡುತ್ತಿದ್ದರೋ ಇಲ್ಲವೋ ಎಂದು ನನಗೆ ಅನಿಸುತ್ತದೆ.

ನಮ್ಮವರಲ್ಲಿ ಹೋಮಾಯ್ ವ್ಯಾರಾವಾಲಾ (1913–2012) ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಸ್ವಾತಂತ್ರ್ಯದ ಆಸುಪಾಸಿನ ದೆಹಲಿಯನ್ನು ಅವರ ಕಣ್ಣಿನಿಂದಲೇ ನಾವು ನೋಡುತ್ತೇವೆ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ದೊಡ್ಡವರ ಚಿತ್ರಗಳನ್ನೂ ತೆಗೆದರು; ಆದರೆ ಅವರ ಮನಸ್ಸು ನೆಟ್ಟಿದ್ದುದು ಸಾಮಾನ್ಯರ ಮೇಲೆ, ಅದರಲ್ಲೂ ಮಕ್ಕಳ ಮೇಲೆ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು.

ಇನ್ನು ನನ್ನದೇ ಒಂದು ಚಿತ್ರದ ಮಾತು. ಹತ್ತನೆಯ ತರಗತಿಯ ಕೊನೆಯಲ್ಲಿ ಮಾಮ ಮೂರು ಕಾಲಿನ ಮರದ ಕ್ಯಾಮರಾವನ್ನು ಹೊರಿಸಿಕೊಂಡು ನಮ್ಮ ಶಾಲೆಗೆ ಗ್ರೂಪ್ ಫೋಟೋ ತೆಗೆಯಲು ಬಂದರು. ಮರದ ನೆರಳಿನಲ್ಲಿ ಕುರ್ಚಿ ಬೆಂಚುಗಳನ್ನು ಜೋಡಿಸಿದವರು ಶಾಲೆಯ ಜವಾನರು. ಮುಖ್ಯೋಪಾಧ್ಯಾಯರು ಅವರನ್ನು ನೋಡಿ, "ನೀನೂ ಬಂದು ನಿಲ್ಲಪ್ಪ" ಎಂದರು. ಅವರು ಖಾಕಿ ಅಂಗಿಯನ್ನು ಎಳೆದು ಸರಿಮಾಡಿಕೊಂಡು ಸಾಲಿನ ತುದಿಯಲ್ಲಿ ನಿಂತರು. ಮಾಮ ಮಸೂರದ ಮುಚ್ಚಳ ತೆಗೆದು, ಒಂದು ಎಣಿಸಿ, ಮುಚ್ಚಿದರು.

ಪ್ರತಿಗಳ ಅಂಚು ಕತ್ತರಿಸಿ ರಟ್ಟಿಗೆ ಅಂಟಿಸುವ ಕೆಲಸ ನನ್ನ ಪಾಲಿಗೆ ಬಂತು. ಜವಾನರ ಮುಖ ಅಲುಗಿ ಮಸುಕಾಗಿತ್ತು. ಸಾಲಿನ ಆ ತುದಿ ಈ ತುದಿಗಿಂತ ಉದ್ದವೂ ಆಗಿತ್ತು. ಎರಡು ಪಕ್ಕಗಳೂ ಸಮವಾಗಿ, ಮುಖ್ಯೋಪಾಧ್ಯಾಯರು ನಟ್ಟನಡುವೆ ಬರುವಂತೆ ನಾನು ಎಲ್ಲ ಪ್ರತಿಗಳನ್ನೂ ಕತ್ತರಿಸಿದೆ. ಚಿತ್ರಕ್ಕೆ ಅಂದ ಬಂತೆಂದು ಹೆಮ್ಮೆಪಟ್ಟೆ.

ಜವಾನರೂ ತಮ್ಮ ಕೈಯಿಂದ ಹಣ ಕೊಟ್ಟು ಒಂದು ಪ್ರತಿಗೆ ಹೇಳಿದ್ದರು. ಅದನ್ನು ಕೈಗೆ ತೆಗೆದುಕೊಂಡು ಹತ್ತಿರ ಹಿಡಿದರು, ದೂರ ಹಿಡಿದರು. "ಮಗೂ, ನಾನು ಇದರಲ್ಲಿ ಇಲ್ಲವಲ್ಲ?" ಎಂದರು. ನಾನು ಯೋಚಿಸದೆ, "ಫಿಲ್ಮಿನಲ್ಲಿ ಬಂದಿಲ್ಲ" ಎಂದುಬಿಟ್ಟೆ. "ಇರಲಿ ಬಿಡು. ಗಂಟೆ ಹೊಡೆಯುವ ಹೊತ್ತಾಯಿತೇನೋ ಎಂದು ಗಡಿಯಾರದ ಕಡೆ ತಿರುಗಿದೆ. ತಪ್ಪು ನನ್ನದೇ" ಎಂದು ಅವರು ಹೇಳಿದಾಗ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಆ ಸಂಜೆ ಮಾಮನಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ನೆಗೆಟಿವನ್ನು ಹುಡುಕಿ ಕೈಗಿತ್ತು, "ನೀನೇ ಮಾಡು" ಎಂದು ಹೊರಗೆ ಹೋಗಿ ಕುಳಿತರು. ಕೆಂಪು ದೀಪದಲ್ಲಿ ಹಾಳೆಯನ್ನು ಅಲುಗಿಸುತ್ತಿದ್ದಂತೆ ಎಲ್ಲರಿಗಿಂತ ಮೊದಲು ಮೂಡಿದ್ದು ಆ ತುದಿಯ ಗಾಢವಾದ ಖಾಕಿ ಅಂಗಿ. ಅದನ್ನು ಮಾತ್ರ ನಾನು ಪೂರ್ತಿ ಒಂದು ಗಂಟೆ ತೊಳೆದೆ.

ಮರುದಿನ ಜವಾನರ ಕೈಗೆ ಅದನ್ನು ಕೊಟ್ಟು, "ಫಿಲ್ಮಿನಲ್ಲಿ ಬಂದಿತ್ತು. ಕತ್ತರಿಸಿದವನು ನಾನು" ಎಂದೆ. ಅವರು ನನ್ನ ಮಾತಿಗೆ ಕಿವಿಗೊಟ್ಟರೋ ಇಲ್ಲವೋ ತಿಳಿಯದು. ಚಿತ್ರದ ತುದಿಯ ಮೇಲೆ ಬೆರಳಿಟ್ಟು, "ಮುಖ ಕಾಣುವುದಿಲ್ಲ. ಆದರೆ ನಾನೇ" ಎಂದರು. ಅಷ್ಟರಲ್ಲಿ ಹೊತ್ತಾಗಿತ್ತು. ಚಿತ್ರವನ್ನು ಹಾಜರಿ ಪುಸ್ತಕದ ನಡುವೆ ಇಟ್ಟು ಗಂಟೆ ಹೊಡೆಯಲು ಹೋದರು. ನನ್ನ ಸಹಪಾಠಿಗಳ ಮನೆಗಳಲ್ಲಿರುವ ಪ್ರತಿಗಳಲ್ಲಿ ಅವರು ಇಂದಿಗೂ ಇಲ್ಲ.